ಬೀರಿನ ಬಕೆಟ್ಟಿಗೆ ನನ್ನ ಕೌದಿ ಕೊಡೂದಿಲ್ಲ

ಹ್ವಾದ ವಾರ ನಿಪ್ಪಾಣಿಯಿಂದ ನಮ್ಮ ಮೌಶಿ ಮಗಳು ಫೋನ್ ಮಾಡಿದ್ಲು. ಅಕಿ ಮಗ ಪುಣೆದಾಗ ನೌಕರಿಗೆ ಅದಾನ. ಈ ಸಲ ಸುಟ್ಟಿಗೆ ಬರೂ ಮುಂದ ಮನ್ಯಾಗ ಬೀರು ಮಾಡೂ ಕಿಟ್ ತಂದಾನಂತ. "ಅಕ್ಕಾ, ಹ್ವಾದ ವರ್ಷ ನಿಮ್ಮ ಮನ್ಯಾಗ ಮಾಡಿದ್ರಲ್ಲ, ಈ ಥಂಡ್ಯಾಗ ಅದನ್ನ ಎಲ್ಲಿ ಇಡಬೇಕು? ದ್ವಾಸಿ ಹಿಟ್ಟಿಗೆ ಹೊಚ್ಚಿದಂಗ ಕೌದಿ ಹೊಚ್ಚಲೇನು?" ಅಂತ ಕೇಳಿದ್ಲು. ಪಾಪ, ಅಡಿಗಿ ಕೇಳಿದಂಗ ಕೇಳಿದ್ಲು. ನನಗ ಆವಾಗ ಮಾತ ಬರಲಿಲ್ಲ. "ತಡಿ, ಬರದು ಹಾಕ್ತೇನಿ" ಅಂದು ಫೋನ್ ಇಟ್ನಿ.

ಈಗ ಬರೀಲಿಕ್ಕೆ ಕುಂತೇನಿ. ಉತ್ತರ ಎರಡ ಶಬ್ದ ಐತಿ: ಎಲ್ಲೂ ಇಡಬ್ಯಾಡ. ಆದ್ರ ಅಷ್ಟಕ್ಕ ನೀವ್ಯಾರೂ ಬಿಡೂ ಪೈಕಿ ಅಲ್ಲ. ನಮ್ಮ ಗ್ರೂಪಿನ್ಯಾಗ ಈ ಮಾತು ಬಂದಾಗ ಅಥಣಿ ವೈನಿ, "ಅಂಬಲಿನೂ ಹುಳಿ ಬರಸೂದ ಅಲ್ಲೇನು, ಇದಕ್ಯಾಕ ಇಷ್ಟು ಗದ್ದಲ" ಅಂದ್ರು. ರಾಯಬಾಗದ ನಾದಿನಿ, "ಬಾರಿಗೆ ಹೋಗಿ ಕುಡದು ಗಟಾರದಾಗ ಬೀಳೂದಕ್ಕಿಂತ ಮನ್ಯಾಗ ಕಣ್ಣ ಮುಂದ ಕುಡೀಲಿ ಬಿಡ್ರಿ" ಅಂದ್ಲು. ನಮ್ಮ ಮನಿಯವರಂತೂ, "ಇಂಗ್ಲಂಡಿನ್ಯಾಗ ಮನಿಮನ್ಯಾಗ ಮಾಡ್ತಾರ" ಅಂದ್ರು. ತಾವು ಹೋಗಿ ನೋಡಿ ಬಂದವರಂಗ! ಇವರು ಮಿರಜ ದಾಟಿ ಆಚೆ ಹೋಗಿದ್ದ ಎರಡು ಸಲ.

ನಿಮಗೆಲ್ಲಾ ಉತ್ತರ ಕೊಡ್ತೇನಿ. ಆದ್ರ ಮೊದಲ ನಮ್ಮ ಮನ್ಯಾಗ ಏನಾತು ಅನ್ನೂದು ಹೇಳಬೇಕು. ಇಲ್ಲೀತನಕ ಪೂರಾ ಯಾರ ಮುಂದೂ ಹೇಳಿಲ್ಲ.

ನಮ್ಮ ಮೈದುನನ ಮಗ ಇಂಗ್ಲಂಡಿನಿಂದ ಡಿಸೆಂಬರ್ ಸುಟ್ಟಿಗೆ ಬಂದಿದ್ದ. ಬ್ಯಾಗಿನ್ಯಾಗ ನಮಗ ಚಾಕ್ಲೇಟು, ದೊಡ್ಡಪ್ಪಗ ಸ್ವೆಟರು, ಅದರ ಬುಡಕ್ಕ ಒಂದು ದೊಡ್ಡ ಡಬ್ಬಿ, 1.7 ಕೇಜಿದು. ಬಿಚ್ಚಿದ್ರ ಥೇಟ್ ಕಾಕವಿ. ಗಾಣದಿಂದ ತರ್ತೇವಲ್ಲ, ಅದ ಬಣ್ಣ, ಅದ ಎಳಿ. ಬಟ್ಟಿಗೆ ಹಚ್ಚಿ ನೆಕ್ಕಿ ನೋಡಿದ್ನಿ. ಮೊದಲ ಸಿಹಿ, ಹಿಂದಿಂದ ಬೇವಿನಂಥಾ ಕಹಿ. ಕಹಿ ಹಾಪ್ಸ್ ಅನ್ನೂ ಹೂವಿಂದಂತ, ಸಿಹಿ ಬಾರ್ಲಿದಂತ. "ಜವಿಗೋದಿ ಏನೋ?" ಅಂತ ಕೇಳಿದ್ನಿ. ಆಮ್ಯಾಲ ತಿಳೀತು, ಹುಗ್ಗಿ ಮಾಡೂ ನಮ್ಮ ಜವಿಗೋದಿ ಗೋದಿ ಜಾತಿದು, ಬಾರ್ಲಿ ಬ್ಯಾರೆ ಕಾಳು. ಆ ಬಾರ್ಲಿ ಮೊಳಕಿ ಬರಿಸಿ, ಒಣಗಿಸಿ, ಬಿಸಿನೀರಾಗ ಅದರ ಸಿಹಿ ಇಳಿಸಿ, ಆ ನೀರು ಬತ್ತಿಸಿ ಇಷ್ಟು ಗಟ್ಟಿ ಮಾಡಿರ್ತಾರ. ಕೂಸಿಗೆ ನಾವು ರಾಗಿ ಮೊಳಕಿ ಬರಿಸಿ ಮಾಲ್ಟ್ ಮಾಡ್ತೇವಿ, ಅರ್ಧ ಹಾದೀತನಕ ಅದೂ ಇದೂ ಒಂದ.

ಪ್ಯಾಟಿಯಿಂದ ಮುಚ್ಚಳದ ದೊಡ್ಡ ಬಕೆಟ್ ತಂದ. ಮುಚ್ಚಳಕ್ಕ ತೂತು ಕೊರದು ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ನಳಿಗಿ ಸಿಗಸಿದ. ಒಳಗಿನ ಗ್ಯಾಸು ಗುಳುಗುಳು ಅಂತ ಹೊರಗ ಹೋಗಬೇಕು, ಹೊರಗಿನ ಗಾಳಿ ಒಳಗ ಬರಬಾರದು, ಅದಕ್ಕ ಅದು. ಡಬ್ಬಿ ಸುರುವಿ, ಒಂದು ಕೇಜಿ ಸಕ್ರಿ ಹಾಕಿ, ಕುದಿನೀರು ತಣ್ಣೀರು ಕೂಡಿಸಿ 20 ಲೀಟರ್ ಮಾಡಿ, ಮ್ಯಾಲ ಯೀಸ್ಟಿನ ಪುಡಿ ಉದುರಿಸಿದ. ಅರ್ಧ ತಾಸಿನ ಕೆಲಸ. ಕೈ ಒರಸಿಕೊಂಡು, "ಆತು ದೊಡ್ಡವ್ವಾ, ಇನ್ನ ತನ್ನಷ್ಟಕ್ಕ ತಾನ ಆಗತೈತಿ" ಅಂದ.

ತನ್ನಷ್ಟಕ್ಕ ತಾನ! ಅಕ್ಕಾಗೋಳ, ನೀವ ಹೇಳ್ರಿ, ಮನ್ಯಾಗ ತನ್ನಷ್ಟಕ್ಕ ತಾನ ಆಗೂದು ಯಾವುದರ ಐತೇನು? ಮಸರು ತನ್ನಷ್ಟಕ್ಕ ಹೆಪ್ಪಾಗತೈತಿ, ಹಿಟ್ಟು ತನ್ನಷ್ಟಕ್ಕ ಉಬ್ಬತೈತಿ, ಉಪ್ಪಿನಕಾಯಿ ತನ್ನಷ್ಟಕ್ಕ ಮಾಗತೈತಿ ಅಂತ ಗಂಡಸೂರು ತಿಳಕೊಂಡಾರ. ಹಾಲು ಬೆಚ್ಚಗದಾವೋ ಸುಡತಾವೋ ಅಂತ ಬಟ್ಟ ಎದ್ದಿ ನೋಡೂದು ಯಾರು? ಥಂಡ್ಯಾಗ ಹಿಟ್ಟಿನ ಪಾತೇಲಿ ಒಲಿ ಬಾಜೂಕ ಇಟ್ಟು, ಹೆಚ್ಚು ಕಾದೀತಂತ ರಾತ್ರಿ ಎದ್ದು ಸರಸೂದು ಯಾರು? ಹುಳಿ ಬರೂ ಸಾಮಾನು ಮನ್ಯಾಗ ಬಂತಂದ್ರ ಅದಕ್ಕೊಬ್ಬ ದಾಯಿ ಬೇಕಾಗ್ತಾಳ. ಆ ದಾಯಿ ಯಾವಾಗಲೂ ನಾವ. ಕಿಟ್ಟಿನ ಡಬ್ಬಿ ಮ್ಯಾಲ ಇದನ್ನ ಬರದಿರೂದಿಲ್ಲ.

ಮೂರನೇ ದಿನಕ್ಕ ಗುಳುಗುಳು ನಿಂತ್ತು. ಡಿಸೆಂಬರ್ ಆಖೇರಿ, ನಮ್ಮ ಚಿಕ್ಕೋಡಿ ಥಂಡಿ ನಿಮಗ ಗೊತ್ತೈತಿ, ಮುಂಜಾನಿ ಕೊಬ್ಬರಿ ಎಣ್ಣಿ ಬಾಟ್ಲ್ಯಾಗ ಕಲ್ಲಾಗಿರ್ತೈತಿ. ಬಕೆಟ್ಟಿಗೆ ಥರ್ಮಾಮೀಟರಿನ ಪಟ್ಟಿ ಅಂಟಿಸಿದ್ದ, ಅದು 15 ತೋರಸ್ತಿತ್ತು. ಕಿಟ್ಟಿನ್ಯಾಗಿನ ಯೀಸ್ಟಿಗೆ 18 ರಿಂದ 24 ಡಿಗ್ರಿ ಬೇಕು. ಅದಕ್ಕಿಂತ ಥಂಡಿ ಆತಂದ್ರ ಅದು ಸಾಯೂದಿಲ್ಲ, ಬುಡಕ್ಕ ಕುಂತು ಮಲಕೋತೈತಿ. ಥಂಡ್ಯಾಗ ಕೆಲಸ ಮಾಡೂ ಲಾಗರ್ ಯೀಸ್ಟ್ ಅಂತ ಇನ್ನೊಂದು ಜಾತಿ ಐತಿ, ಅದು ಈ ಡಬ್ಬ್ಯಾಗ ಇರಲಿಲ್ಲ. ಹಂಗಂತ ಒಲಿ ಮಗ್ಗಲ ಇಟ್ಟು ಭಾಳ ಕಾಸಿದ್ರ ವಾಸನಿ ಕೆಡತೈತಂತ.

ಇಷ್ಟು ಹೇಳಿ ಹುಡುಗ ಗೆಳ್ಯಾರ ಕೂಡ ನಾಕ ದಿನ ಗೋವಾಕ್ಕ ಹೋದ. ಹೋಗೂ ಮುಂದ, "ದೊಡ್ಡವ್ವಾ, ಒಂಚೂರು ಬೆಚ್ಚಗ ಇಡ್ರಿ" ಅಂದ. ಒಂಚೂರು! ಹಗಲಿ ಬಕೆಟ್ ಪಡಸಾಲ್ಯಾಗ, ಸಂಜಿಕ ಅಡಿಗಿಮನ್ಯಾಗ. ರಾತ್ರಿ ಬಿಸಿನೀರಿನ ಬಾಟ್ಲಿ ಎರಡು ಬಾಜೂಕ ಇಟ್ಟು, ಮ್ಯಾಲ ನಮ್ಮ ಅತ್ತಿಯವರು ಹೊಲದ ಕೌದಿ. ಅವರ ಇಳಕಲ್ ಸೀರಿ ತುಂಡು ಅದರಾಗ ಅದಾವು, ನನ್ನ ಎರಡು ಮಕ್ಕಳ ಬಾಣಂತನ ಅದರಾಗ ಆಗೈತಿ. ಆ ಕೌದಿ ತಗದು ಬೀರಿಗೆ ಹೊಚ್ಚಿದ್ನಿ. ಅತ್ತಿಯವರ ಅಪ್ಪ ಕುಡದು ನಾಕ ಎಕರೆ ಹೊಲ ಮಾರಿದಾಂವ. ಆ ಮಾತು ನನಗ ಆ ದಿನ ನೆನಪಾಗಲಿಲ್ಲ ಅಂದ್ರ ಸುಳ್ಳು. ನೆನಪಾತು, ಆದ್ರೂ ಹೊಚ್ಚಿದ್ನಿ. ಪರದೇಶದಿಂದ ಬಂದ ಹುಡುಗ, ಮನಸ್ಸು ಯಾಕ ನೋಯಸಬೇಕು ಅಂತ.

ಹೊಸ ವರ್ಷದ ಮೊದಲನೇ ವಾರ ಬಂದು ನೋಡಿದ. ನಳಿಗ್ಯಾಗ ಗುಳ್ಳಿ ಇಲ್ಲ. "ಮುಗದೈತಿ, ತುಂಬೂಣು" ಅಂದ. "ಅಲ್ಲೋ ತಮ್ಮಾ, ಥಂಡಿಗೆ ನಿಂತಿರಬೇಕಲ್ಲ? ಹಿಟ್ಟು ಉಬ್ಬಿಲ್ಲಂದ್ರ ಮುಗದೈತಿ ಅಂತ ಅರ್ಥ ಏನು?" ಅಂದ್ನಿ. ನಕ್ಕ. ನಾನೂ ನಕ್ಕು ಬಿಟ್ನಿ. ನನ್ನ ತಪ್ಪು ಅದ. ಮೂವತ್ತು ವರ್ಷ ಥಂಡ್ಯಾಗ ಹಿಟ್ಟು ಕಾದಾಕಿ ನಾನು, ನನಗ ಗೊತ್ತಿದ್ದ ಮಾತನ್ನ ಗಟ್ಟಿಯಾಗಿ ಹೇಳಲಿಲ್ಲ. ಗುಳ್ಳಿ ನೋಡಿ ಹೇಳೂದಲ್ಲ ಅದು. ಹೈಡ್ರೋಮೀಟರ್ ಅಂತ ಗಾಜಿನ ಕಡ್ಡಿ ಇರತೈತಿ. ಸಿಹಿ ಹೆಚ್ಚಿದ್ರ ಮ್ಯಾಲ ತೇಲತೈತಿ, ಯೀಸ್ಟು ಸಿಹಿ ತಿಂದಂಗ ಕೆಳಗ ಇಳೀತೈತಿ. ಕಿಟ್ಟಿನ ಚೀಟ್ಯಾಗ ಬರದಷ್ಟು ಕೆಳಗ ಇಳದು ಎರಡು-ಮೂರು ದಿನ ಅಲ್ಲೇ ನಿಂತ್ರ ಮುಗದಂಗ. ಆ ಕಡ್ಡಿ ತರೂದ ಮರತಿದ್ದ.

ರದ್ದಿ ಅಂಗಡಿಯಿಂದ ಶರಬತ್ತಿನ ಗಾಜಿನ ಬಾಟ್ಲಿ ಮೂವತ್ತು ತಂದ. ತೊಳದಾಕಿ ನಮ್ಮ ಮನಿಗೆ ಪಾತ್ರಿ ತಿಕ್ಕಲಿಕ್ಕೆ ಬರೂ ಬಾಯಿ. ಒಂದೊಂದಕ್ಕ ಒಂದು ಚಮಚಿ ಸಕ್ರಿ ಹಾಕಿ, ಬೀರು ತುಂಬಿ, ಬೂಚು ಜಡದು, ಸಾಮಾನಿನ ಖೋಲ್ಯಾಗ ಜ್ವಾಳದ ಚೀಲದ ಹಿಂದ ಇಟ್ಟ. ಆ ಸಕ್ರಿ ಗ್ಯಾಸು ಹಿಡೀಲಿ ಅಂತ ಹಾಕೂದು. "ಎರಡು ತಿಂಗಳು ಬಿಟ್ರ ರುಚಿ ಬರತೈತಿ, ಮದವಿಗೆ ಬಂದಾಗ ಕುಡೀತೇವಿ" ಅಂದು ಸಂಕ್ರಾಂತಿ ಎಳ್ಳು-ಬೆಲ್ಲ ತಿಂದು ವಿಮಾನ ಹತ್ತಿದ. ಬಕೆಟ್ಟಿನ ತಳದಾಗ ಉಳದಿದ್ದು ಒಂದು ಗುಟುಕು ನಾನೂ ಕುಡದೇನಿ, ಸುಳ್ಳು ಯಾಕ ಹೇಳಲಿ. ಸಿಹಿ ಇತ್ತು. ಸಿಹಿ ಇತ್ತಂದ್ರ ಸಕ್ರಿ ಇನ್ನೂ ಉಳದೈತಿ ಅಂತ ಅರ್ಥ, ಅಷ್ಟು ನನಗ ಹೊಳೀಲಿಲ್ಲ.

ಶಿವರಾತ್ರಿಗೆ ಥಂಡಿ ಶಿವಶಿವಾ ಅಂತ ಹೋಗತೈತಿ ಅಂತೇವಲ್ಲ, ಹ್ವಾದ ವರ್ಷ ಅದಕ್ಕೂ ಮೊದಲ ಬಿಸಲು ಬಿತ್ತು. ಖೋಲಿ ಪತ್ರಾಸಿಂದು, ಕಾದ್ತು. ಮಲಗಿದ್ದ ಯೀಸ್ಟು ಎದ್ದು, ಉಳದಿದ್ದ ಸಕ್ರಿ, ಮ್ಯಾಲ ಹಾಕಿದ್ದ ಸಕ್ರಿ ಎರಡೂ ತಿನ್ನಲಿಕ್ಕೆ ಹತ್ತಿತು. ಬೂಚು ಗಟ್ಟಿ, ಗ್ಯಾಸಿಗೆ ಹಾದಿ ಇಲ್ಲ. ಶರಬತ್ತಿನ ಬಾಟ್ಲಿ ಅಷ್ಟು ಒತ್ತಡ ತಡಕೊಳ್ಳಲಿಕ್ಕೆ ಮಾಡಿದ್ದಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಆ ಬಾಯಿ ಕಸಬರಗಿ ತರಲಿಕ್ಕೆ ಖೋಲಿಗೆ ಹೋದಾಗ ಒಂದು ಒಡೀತು. ಅದರ ಪೆಟ್ಟಿಗೆ ಬಾಜೂಕಿನ ಮೂರು. ನಾನು ಸಿಲಿಂಡರ್ ಹೋತು ಅನ್ಕೊಂಡ್ನಿ. ಹೋಗಿ ನೋಡಿದ್ರ ಗ್ವಾಡಿ ತುಂಬ ಬುರುಗು, ಜ್ವಾಳದ ಚೀಲಕ್ಕ ಗಾಜು ಚುಚ್ಚೈತಿ, ಅಕಿ ಸೀರಿ ನೆರಗಿ ಕೆಂಪಾಗೈತಿ. ಮೊಣಕಾಲ ಕೆಳಗ ಗಾಜು ಹೊಕ್ಕಿತ್ತು. ನಾಕ ಹೊಲಗಿ ಬಿದ್ದುವು.

ದವಾಖಾನ್ಯಾಗ ಡಾಕ್ಟರು ಏನ ಬಡೀತು ಅಂತ ಕೇಳಿದ್ರು. ಅಕಿ ಬಾಯಿ ತಗಿಯೂದರೊಳಗ ನಾನ, "ಸೋಡಾ ಬಾಟ್ಲಿ" ಅಂದ್ನಿ. ಅಕಿ ನನ್ನ ಮಾರಿ ನೋಡಿದ್ಲು, ಸುಮ್ಮನಾದ್ಲು.

ರಿಕ್ಷಾದಾಗ ಬರೂ ಮುಂದ ಅಕಿ ಕೇಳಿದ್ಲು: "ಅಕ್ಕಾವ್ರ, ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಮಾಡಿದ್ರ ಕಿಟ್ಟು, ನಾವು ಮಾಡಿದ್ರ ಕಳ್ಳಭಟ್ಟಿ ಏನ್ರಿ?"

ಅಕಿ ಗಂಡ ಕುಡದ ಸತ್ತಾಂವ. ಅಕಿ ಮೈದುನನ ಹಿತ್ತಲದಾಗ ಬೆಲ್ಲದ ಕೊಡ ಸಿಕ್ಕಿತ್ತಂತ ಪೋಲೀಸರು ಹಿಡಕೊಂಡು ಹೋಗಿದ್ರು. ಆವಾಗ ಕೊಡ ಒಡದು ಅಂಗಳದಾಗ ಚೆಲ್ಲಿದ್ದನ್ನ ಬಳದಾಕಿ ಇಕಿ. ನಾನು ರಿಕ್ಷಾದಾಗ ಉತ್ತರ ಕೊಡಲಿಲ್ಲ. ಇಲ್ಲಿ ಕೊಡ್ತೇನಿ.

ಕಳ್ಳಭಟ್ಟಿಗೂ ಬೀರಿಗೂ ಫರಕ ಐತಿ, ಖರೇ. ಅವರು ಬೆಲ್ಲದ ನೀರು ಕೊಳಸಿ, ಕಾಸಿ, ಹಬಿ ಹಿಡದು ಇಳಸ್ತಾರ, ಅದು ಕಡಕ. ಬೀರು ಇಳಸೂದಿಲ್ಲ. ಆದ್ರ ಕೊಡದಾಗ ಆಗೂದೂ ಬಕೆಟ್ಟಿನ್ಯಾಗ ಆಗೂದೂ ಒಂದ. ಸಿಹಿನೀರು, ಯೀಸ್ಟು, ಮುಚ್ಚಳ. ಯೀಸ್ಟು ಸಕ್ರಿ ತಿಂದು ಮದ್ಯಾ ಮತ್ತ ಗ್ಯಾಸು ಮಾಡತೈತಿ. ಅದಕ್ಕ ಕಾಕವಿ ಏನು, ಬಾರ್ಲಿ ಏನು, ಚಿಕ್ಕೋಡಿ ಏನು, ಲಂಡನ್ ಏನು. ಕಾಯದೆಕ್ಕೂ ಫರಕ ಇಲ್ಲ. ಕರ್ನಾಟಕದ ಅಬಕಾರಿ ಕಾಯದೆ 1965 ರದು. ಲೈಸೆನ್ಸ್ ಇಲ್ಲದ ಮದ್ಯಾ ತಯಾರ ಮಾಡೂದು ಗುನ್ಹೆ. ಬೆಂಗಳೂರಾಗ ಕಣ್ಣ ಮುಂದ ಬೀರು ಮಾಡಿ ಕೊಡೂ ಹೋಟೆಲ್ ಅದಾವು ಅಂತೀರಿ, ಅವರ ಕಡೆ ಲೈಸೆನ್ಸ್ ಐತಿ. ನಮ್ಮ ಖೋಲಿಗೆ ಇರಲಿಲ್ಲ. 2007 ರ ಜುಲೈ 1 ಕ್ಕ ನಮ್ಮ ರಾಜ್ಯದಾಗ ಸಾರಾಯಿ ಬಂದ್ ಆದಾಗ ನಾವೆಲ್ಲಾ ಚಲೋ ಆತು ಅಂದೇವಿ, ಕಟ್ಟಿ ಮ್ಯಾಲ ಕುಂತು ಮಾತಾಡೇವಿ. 2019 ರ ಜನವರ್ಯಾಗ ರಾಯಚೂರ ಕಡಿ ಹೆಂಗಸೂರು ಸೇರಿ ಸಾವಿರಾರು ಮಂದಿ, ದಾರೂ ಬಂದ್ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರ ತನಕ ನಡಕೊಂಡು ಹೋದ್ರು. ಟೀವ್ಯಾಗ ಅವರ ಕಾಲಿನ ಗುಳ್ಳಿ ನೋಡಿ ನಾನು ಕಣ್ಣೀರು ಹಾಕಿದ್ನಿ. ಆ ಕಣ್ಣೀರು ಹಾಕಿದ ಕೈಲೆ ಬಕೆಟ್ಟಿಗೆ ಕೌದಿ ಹೊಚ್ಚಿದ್ನಿ.

ಇಂಗ್ಲಂಡಿನ ಮಾತು. ಹೌದು, ಅಲ್ಲಿ 1963 ರಿಂದ ಮನಿಯವರು ತಮ್ಮ ಪೂರ್ತೆಕ ಲೈಸೆನ್ಸ್ ಇಲ್ಲದ ಬೀರು ಮಾಡಬಹುದು. ಅಮೇರಿಕಾದಾಗ 1978 ರಾಗ ಕಾಯದೆ ಬದಲಿ ಮಾಡಿದ್ರು. ಅವರು ಮೊದಲ ಕಾಯದೆ ಬದಲಿ ಮಾಡಿ ಆಮ್ಯಾಲ ಬಕೆಟ್ ಇಟ್ಟಾರ. ನೀವು ಬದಲಿ ಮಾಡಸ್ರಿ ನೋಡೂಣು. ಅಲ್ಲೀತನಕ, ಸಿಕ್ಕಬಿದ್ರ ಮನಿ ಯಾರ ಹೆಸರಿಲೆ ಐತಿ, ಖೋಲಿ ಕೀಲಿ ಯಾರ ಸೆರಗಿನ್ಯಾಗ ಐತಿ, ಅಷ್ಟು ವಿಚಾರ ಮಾಡ್ರಿ. ಹುಡುಗ ಅಷ್ಟೊತ್ತಿಗೆ ಪುಣೆದಾಗೋ ಪರದೇಶದಾಗೋ ಇರ್ತಾನ.

ಅಥಣಿ ವೈನಿ, ನಿಮ್ಮ ಅಂಬಲಿ ಬಗ್ಗೆ. ಬ್ಯಾಸಗ್ಯಾಗ ನಿಮ್ಮ ಮನಿ ಅಂಬಲಿ ಕುಡದಾಕಿ ನಾನು, ಅದರ ಮ್ಯಾಲ ಆಣಿ ಮಾಡಿ ಹೇಳ್ತೇನಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀವು ಜ್ವಾಳದ ಹಿಟ್ಟು ರಾತ್ರಿ ನೀರಾಗ ಕಲಿಸಿ ಇಡ್ತೀರಿ, ಬರೇ ಒಂದು ರಾತ್ರಿ, ಮ್ಯಾಲೊಂದು ತಾಟು ಮುಚ್ಚಿ. ಅದರಾಗ ಏಳೂದು ಹೆಚ್ಚಾಗಿ ಮಸರಿನ ಜಾತಿ ಹುಳಿ. ಮುಂಜಾನಿ ಎದ್ದು ಕುದಸ್ತೀರಿ, ಮಜ್ಜಿಗಿ, ಬಳ್ಳೊಳ್ಳಿ, ಜೀರಿಗಿ ಹಾಕಿ ಕೂಸಿಗೂ ಕೊಡ್ತೀರಿ, ಎತ್ತು ಹೂಡಿ ಬಂದವಗೂ ಕೊಡ್ತೀರಿ. ಬೀರು ವಾರಗಟ್ಟಲೆ ಗಾಳಿ ಇಲ್ಲದಂಗ ಮುಚ್ಚಿಟ್ಟು, ಆಮ್ಯಾಲ ಒಲಿ ಕಾಣಸೂದಿಲ್ಲ, ಮದ್ಯಾ ಹೋಗಬಾರದು ಅಂತ. ಅಂಬಲಿ ಕುಡದು ಹೊಲ ಮಾರಿದಾಂವ ಯಾರರ ಅದಾನೇನು ನಿಮ್ಮ ಓಣ್ಯಾಗ? ಹುಳಿ ಬರೂದೆಲ್ಲಾ ಒಂದ ಅಂದ್ರ, ಅತ್ತಿ ಹಣ್ಣೂ ಹಣ್ಣ, ದತ್ತೂರಿ ಕಾಯೂ ಕಾಯಿ.

ರಾಯಬಾಗದ ಮಾತು ಸ್ವಲ್ಪ ಬಿರಸೈತಿ, ಯಾಕಂದ್ರ ಅಕಿ ಸುಮ್ಮನ ಅಂದಿಲ್ಲ, ಅನುಭವಿಸಿ ಅಂದಾಳ. ರಾತ್ರಿ ಹನ್ನೊಂದಕ್ಕ ಬಾಗಲಾ ತಗದು ಕಾಯ್ದಾಕಿ ಅಕಿ. "ಕಣ್ಣ ಮುಂದ ಇರಲಿ" ಅನ್ನೂದರಾಗ ಎಷ್ಟು ರಾತ್ರಿ ಅದಾವು ನನಗ ಗೊತ್ತು. ಆದ್ರ ತಂಗೀ, ಬಾರು ಒಂದು ಹೊತ್ತಿಗೆ ಬಂದ್ ಆಗತೈತಿ, ಅಲ್ಲಿ ರೊಕ್ಕಾ ಕೊಡಬೇಕು, ಅಲ್ಲೀತನಕ ಹೋಗಬೇಕು. ಮನ್ಯಾಗ 20 ಲೀಟರ್ ಇಟ್ರ ಹೊತ್ತೂ ಇಲ್ಲ, ರೊಕ್ಕಾನೂ ಇಲ್ಲ, ಹಾದೀನೂ ಇಲ್ಲ. ಮತ್ತ ಇವತ್ತು "ಕುಡೀಬ್ಯಾಡ್ರಿ" ಅನ್ನೂ ಹಕ್ಕು ನಿನಗ ಐತಿ. ನೀನ ಬಕೆಟ್ ಕಾದು, ನೀನ ಬಾಟ್ಲಿ ತೊಳದು ಕೊಟ್ಟ ಮ್ಯಾಲ ಯಾವ ಬಾಯಿಲೆ ಅಂತಿ? "ಮಾಡಿದಾಕಿ ನೀನ ಅಲ್ಲೇನ" ಅಂತಾನ. ನಮ್ಮ ಮನಿಯವರು ಅಂದ್ರು ನನಗ, ನಕ್ಕೋತ ಅಂದ್ರು, ಆದ್ರೂ ಅಂದ್ರು.

ಕಾಗವಾಡದ ನಮ್ಮ ಗೆಳತಿ ಗಡಿ ಆಚಿನ ಮಾತು ಹೇಳ್ತಾಳ. ಮಹಾರಾಷ್ಟ್ರದಾಗ ಊರಿನ ಹೆಂಗಸೂರು ಅರ್ಜಿ ಕೊಟ್ರ ಓಟಿಂಗ್ ಇಡ್ತಾರ. ಚೀಟ್ಯಾಗ ಎರಡು ಬಾಟ್ಲಿ ಚಿತ್ರ, ಒಂದು ನಿಂತದ್ದು, ಒಂದು ಅಡ್ಡ ಮಲಗಿದ್ದು. ಊರಿನ ಹೆಣ್ಣ ಓಟುದಾರರಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟ್ಲಿಗೆ ಹಾಕಿದ್ರ ಊರಾಗಿನ ದಾರೂ ಅಂಗಡಿ ಬಂದ್. ಕೂಲಿ ಬಿಟ್ಟು ಪಾಳಿ ಹಚ್ಚಿ ನಿಂತು ಎಷ್ಟೋ ಊರಾಗ ಬಾಟ್ಲಿ ಅಡ್ಡ ಮಲಗಿಸ್ಯಾರ. ಅಡಿಗಿಮನ್ಯಾಗಿನ ಬಕೆಟ್ಟಿಗೆ ಓಟಿಂಗ್ ಇಡೂದಿಲ್ಲ ಯಾರೂ. ಅಲ್ಲಿ ನಿಮ್ಮದ ಒಂದ ಓಟು.

ನಮ್ಮ ಹುಡುಗ ಕೆಟ್ಟವ ಅಲ್ಲ. ಫೋನಿನ್ಯಾಗ ವಿಷಯ ಕೇಳಿ ಅತ್ತ, ಆ ಬಾಯಿಗೆ ರೊಕ್ಕಾ ಕಳಿಸಿದ. ಅಂವ ಒಂದು ಗ್ಲಾಸ್ ಕುಡದು ಮಲಕೊಳ್ಳೂ ಪೈಕಿ. ನನ್ನ ಜಗಳ ಅವನ ಕೂಡ ಇಲ್ಲ, ಇದನ್ನ ಹವ್ಯಾಸ ಅಂತ ಹೆಸರಿಟ್ಟು ನಮ್ಮ ಒಲಿ ಬಾಜೂಕ ತಂದು ಇಟ್ಟು, ಕಾಯೂ ಕೆಲಸ ನಮ್ಮ ಕೊಳ್ಳಿಗೆ ಹಾಕಿ, ಗೋವಾಕ್ಕ ಹೋಗೂ ರೀತಿ ಕೂಡ ಐತಿ. ಗಂಡಸೂರ ಹವ್ಯಾಸಕ್ಕ ಹೆಂಗಸೂರು ರಾತ್ರಿ ಎದ್ದು ಬಿಸಿನೀರು ಕಾಸಬೇಕಂದ್ರ ಅದು ಯಾರ ಹವ್ಯಾಸ?

ಇಷ್ಟು ಓದಿದ ಮ್ಯಾಲೂ ನಿಮ್ಮಲ್ಲಿ ಯಾರದರ ಮನ್ಯಾಗ ತುಂಬಿಟ್ಟ ಬಾಟ್ಲಿ ಇದ್ರ, ನನ್ನ ಸಿಟ್ಟು ಬದಿಗಿಟ್ಟು ಹೇಳ್ತೇನಿ, ಇವತ್ತ ನೋಡ್ರಿ. ಥಂಡಿ ಇರೂತನಕ ಅವು ಶಾಣ್ಯಾ ಹುಡುಗರಂಗ ಕುಂತಿರ್ತಾವು, ಬಿಸಲು ಬಿದ್ದ ಮ್ಯಾಲ ಏಳ್ತಾವು. ಮಕ್ಕಳನ್ನ ಖೋಲಿಗೆ ಬಿಡಬ್ಯಾಡ್ರಿ. ಬಾಟ್ಲಿ ಬರಿಗೈಲೆ ಅಲಗಾಡಸಬ್ಯಾಡ್ರಿ. ದಪ್ಪ ಚಾದರ ಹೊಚ್ಚಿ, ಕೈಗೆ ದಪ್ಪ ಬಟ್ಟಿ ಸುತ್ತಿ, ಕಣ್ಣಿಗೆ ಚಸ್ಮಾ ಹಾಕಿ, ಒಂದೊಂದ ತಗದು ಫ್ರಿಜ್ಜಿನ್ಯಾಗ ಇಡ್ರಿ. ಪೂರಾ ತಣ್ಣಗಾದ್ರ ಯೀಸ್ಟು ಮತ್ತ ಮಲಕೋತೈತಿ, ಗ್ಯಾಸೂ ನೀರಾಗ ಕರಗಿ ಕುಂದರತೈತಿ. ಮರುದಿನ ಮಾರಿ ದೂರ ಹಿಡದು ಬೂಚು ಸಾವಕಾಶ ತಗದು ಚೆಲ್ಲಿಬಿಡ್ರಿ. ನಮ್ಮ ಮನ್ಯಾಗ ಉಳದ 26 ಬಾಟ್ಲಿ ಹಂಗ ತಗದೇವಿ. ಮನಿಯವರು ಗಾಡಿ ಹೆಲ್ಮೆಟ್ ಹಾಕೊಂಡು ಹಿತ್ತಲದಾಗ ನಿಂತಿದ್ರು, ಓಣಿ ಹುಡುಗೂರು ಕಂಪೌಂಡ್ ಹತ್ತಿ ನೋಡಿ ನಕ್ಕುವು. ಗಟಾರ ತುಂಬ ಬುರುಗು. ಎರಡು ದಿನ ಹಿತ್ತಲ ಎಲ್ಲಾ ಹಳಸಿದ ಹಿಟ್ಟಿನ ವಾಸನಿ.

ಬಾಯಿ ಹದಿನೈದು ದಿನ ಬಿಟ್ಟು ಕೆಲಸಕ್ಕ ಬಂದ್ಲು. ಆ ಮಾತು ಮತ್ತ ತಗೀಲಿಲ್ಲ. ನಾನ ಮೊನ್ನೆ, "ನೀ ರಿಕ್ಷಾದಾಗ ಕೇಳಿದ್ದಿ ಅಲ್ಲ, ಅದು ಒಂದ ನೋಡು, ಎರಡೂ ಒಂದ" ಅಂದ್ನಿ. "ಗೊತ್ತಿತ್ತು ಬಿಡ್ರಿ ಅಕ್ಕಾವ್ರ, ನಿಮ್ಮ ಬಾಯಿಲೆ ಕೇಳಬೇಕಾಗಿತ್ತು" ಅಂದು ಪಾತ್ರಿ ತಿಕ್ಕಲಿಕ್ಕೆ ಕುಂತ್ಲು.

ನಿಪ್ಪಾಣಿ ತಂಗೀ, ಡಬ್ಬಿ ಇನ್ನೂ ಬಿಚ್ಚಿಲ್ಲಂದ್ರ ಹಂಗ ಅವನ ಬ್ಯಾಗಿನ್ಯಾಗ ಇಟ್ಟು ಪುಣೆಕ್ಕ ಕಳಸು. ಸಿಟ್ಟಾಗ್ತಾನ, ಆಗಲಿ, ಎರಡು ದಿನಕ್ಕ ಇಳೀತೈತಿ. ಕೌದಿ ಹೊರಗ ತಗದೀಯಂದ್ರ ದ್ವಾಸಿ ಹಿಟ್ಟಿಗೆ ಹೊಚ್ಚು. ಈ ಥಂಡ್ಯಾಗ ಅಕ್ಕಿ-ಉದ್ದು ನೆನಿಹಾಕೂ ಮುಂದ ಒಂದು ಚಮಚಿ ಮೆಂತ್ಯಾ ಕೂಡಿಸು, ರುಬ್ಬೂ ಮುಂದ ಬೆಚ್ಚನ ನೀರು ಹಾಕು, ಸೋಡಾ ಹಾಕಬ್ಯಾಡ. ಮುಂಜಾನಿ ಎಂಟರ ತನಕ ಮುಚ್ಚಳ ತಗಿಯಬ್ಯಾಡ.